ಮಿಷನ್ ಪ್ರವಾಸಕ್ಕೆ ಮಕ್ಕಳ ಜೊತೆ ಹೊರಟವರಿಗೆ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ನಾಲ್ಕನೇ ತರಗತಿಯ ಮಗನ ಕ್ಲಾಸು ಸ್ಯಾನ್ ವಾನ್ ಬಟಿಸ್ಟಾ ಮಿಷನ್ (ಮೂಲನಿವಾಸಿಗಳನ್ನು ಕ್ರೈಸ್ತರಾಗಿಸಲು ಸ್ಪೇನಿನ ಪಾದ್ರಿಗಳು ಕಟ್ಟಿದ ನೆಲೆ) ನೋಡಲು ಹೊರಟಿದೆ. ಐದು ಮಕ್ಕಳ ಜವಾಬ್ದಾರಿ ನನ್ನದು. ಏನೇನು ಗಮನದಲ್ಲಿರಬೇಕು?

ಉತ್ತರ: ಇತಿಹಾಸ ಹೇಳಲು ಟೀಚರ್ ಇರುತ್ತಾರೆ. ನಿಮ್ಮದು ತಲೆ ಎಣಿಸುವ ಕೆಲಸ. ಬಸ್ಸು ಹತ್ತಿದಾಗ, ಇಳಿದಾಗ, ಒಂದೊಂದು ಬಾಗಿಲು ದಾಟಿದಾಗಲೂ ಐದು ತಲೆ ಲೆಕ್ಕ ಸಿಗಬೇಕು. ಸಾಲಾಗಿ ನಡೆಯುವಾಗ ಮಕ್ಕಳು ತಪ್ಪಿಸಿಕೊಳ್ಳುವುದು ಕಡಿಮೆ. ಊಟಕ್ಕೆ ಕೂತಾಗ, ಶೌಚಾಲಯದ ಬಳಿ, ಅಂಗಡಿಯೊಳಗೆ ಗುಂಪು ಚದುರುತ್ತದೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಉಳಿದ ಒಬ್ಬರನ್ನು ನಿಮ್ಮ ಕೈಗೆ ಇಟ್ಟುಕೊಳ್ಳಿ. ಅದು ನಿಮ್ಮ ಮಗ ಆಗದಿದ್ದರೇ ಒಳ್ಳೆಯದು, ಇಲ್ಲವಾದರೆ ಕಣ್ಣು ಅವನನ್ನು ಬಿಟ್ಟು ಕದಲುವುದಿಲ್ಲ. ಅಲರ್ಜಿ ಇರುವ ಮಗುವಿನ ಔಷಧಿ ಯಾರ ಬ್ಯಾಗಿನಲ್ಲಿದೆ ಎಂದು ಹೊರಡುವ ಮೊದಲೇ ಕೇಳಿ. ಜೊತೆಗೆ ಹೋಗುವ ಪೋಷಕರಿಂದ ಕ್ಷಯದ ತಪಾಸಣೆ, ಬೆರಳಚ್ಚು ಕೇಳುವ ಶಾಲೆಗಳುಂಟು. ಕೊನೇ ವಾರಕ್ಕೆ ಬಿಟ್ಟರೆ ಕಾಗದ ಕೈಗೆ ಬರದು.

1797ರಲ್ಲಿ ಶುರುವಾದ ಈ ಮಿಷನ್ನಿನ ಚರ್ಚಿನಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಒಳಗೆ ಟೋಪಿ ತೆಗೆಸಿ, ಫ್ಲಾಶ್ ಬೇಡ. ಗೋಡೆ ಮುಟ್ಟಲು ಬಿಡಬೇಡಿ. ಅದು ಅಡೋಬಿ: ಜೇಡಿಮಣ್ಣು, ಮರಳು, ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ, ಸುಡದ ಇಟ್ಟಿಗೆ. ನೀರು ತಾಗಿದರೆ ಮತ್ತೆ ಮಣ್ಣಾಗುತ್ತದೆ, ಸುಣ್ಣದ ಗಾರೆ, ಹೆಂಚಿನ ಮಾಡು ಎಲ್ಲ ಅದಕ್ಕಾಗಿಯೇ. ನೂರಾರು ಕೈಗಳು ಉಜ್ಜಿದರೆ ಗಾರೆ ಸವೆಯುತ್ತದೆ. ಕೈ ಸುಮ್ಮನಿರದ ಮಕ್ಕಳಿಗೆ ನೆಲದ ಹೆಂಚುಗಳಲ್ಲಿ ಪ್ರಾಣಿಗಳ ಹೆಜ್ಜೆ ಹುಡುಕಲು ಹೇಳಿ. ಹಸಿ ಹೆಂಚು ಅಂಗಳದಲ್ಲಿ ಒಣಗುತ್ತಿದ್ದಾಗ ಪ್ರಾಣಿಗಳು ಮೇಲೆ ನಡೆದವು. ಸುಟ್ಟ ಮೇಲೆ ಆ ಪಂಜದ ಗುರುತು ಉಳಿದೇ ಹೋಯಿತು.

ಪ್ರಶ್ನೆ: ಇಲ್ಲಿದ್ದ ಮೂಲನಿವಾಸಿಗಳು ತಾವಾಗಿಯೇ ಬಂದಿದ್ದರೇ ಎಂದು ಮಗು ಕೇಳಿದರೆ?

ಉತ್ತರ: ಸತ್ಯವನ್ನೇ ಚಿಕ್ಕದಾಗಿ ಹೇಳಿ. ಕೆಲವರು ತಾವಾಗಿ ಬಂದರು, ಕೆಲವರು ಒತ್ತಡಕ್ಕೆ. ದೀಕ್ಷಾಸ್ನಾನ ಆದಮೇಲೆ ಮಾತ್ರ ಅಪ್ಪಣೆಯಿಲ್ಲದೆ ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಚಾಟಿಯೇಟೂ ಇತ್ತು. ದಡಾರದಂಥ ಹೊಸ ರೋಗಗಳಿಗೆ ಬಹಳ ಮಂದಿ ಬಲಿಯಾದರು. ಒಂಬತ್ತು ಹತ್ತು ವರ್ಷದವರಿಗೆ ಇಷ್ಟು ಅರ್ಥವಾಗುತ್ತದೆ. ಅಮೆರಿಕದ ಮೂಲನಿವಾಸಿಗಳನ್ನೆಲ್ಲ ‘ಇಂಡಿಯನ್ನರು’ ಎಂದು ಒಟ್ಟಿಗೆ ಸೇರಿಸದೆ ಇಲ್ಲಿಯವರನ್ನು ‘ಮುಟ್ಸುನ್ ಜನ’ ಎನ್ನಿ, ಅವರ ವಂಶದವರು ಇಂದೂ ಇದ್ದಾರೆ. ಚರ್ಚಿನ ಪಕ್ಕದ ಸ್ಮಶಾನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳನ್ನು ಹೂಳಿದ್ದಾರೆ, ಹೆಚ್ಚಿನವರಿಗೆ ಹೆಸರಿನ ಕಲ್ಲೂ ಇಲ್ಲ. ಬಯಲು ಕಂಡೊಡನೆ ಓಡುವ ಮಕ್ಕಳಿಗೆ ಅಲ್ಲಿಗೆ ತಲುಪುವ ಮೊದಲೇ ಇದನ್ನು ಹೇಳಿಬಿಡಿ.