ಬದಲಾಗುತ್ತಲೇ ಇರುವ ರೂಟರ್ ವಿಳಾಸ: ಓದುಗರ ಎರಡು ಪ್ರಶ್ನೆಗಳು

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿರುವ ಕಡತಗಳನ್ನು ಹೊರಗಿನಿಂದ ತೆರೆಯಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕೋರಿಕೆಯನ್ನು ಒಳಗಿನ ಕಂಪ್ಯೂಟರಿಗೆ ದಾಟಿಸುವ ಏರ್ಪಾಡು) ಮಾಡಿಕೊಂಡು, ಹೊರ ಐಪಿ ವಿಳಾಸವನ್ನು ಬರೆದಿಟ್ಟುಕೊಂಡಿದ್ದೇನೆ. ಕೆಲವು ದಿನ ಸರಾಗವಾಗಿ ನಡೆಯುತ್ತದೆ. ರೂಟರ್ ಒಮ್ಮೆ ಆಫ್ ಆಗಿ ಆನ್ ಆದರೆ ಸಾಕು, ವಿಳಾಸ ಬದಲಾಗಿರುತ್ತದೆ. ಗಂಟೆಗೊಮ್ಮೆ ವಿಳಾಸವನ್ನು ನನಗೇ ಇಮೇಲ್ ಮಾಡುವ ಸ್ಕ್ರಿಪ್ಟ್ ಬರೆಯಬೇಕೆಂದಿದ್ದೇನೆ. ಇದು ಸರಿಯಾದ ದಾರಿಯೆ?

ಉತ್ತರ: ದಾರಿ ತಪ್ಪೇನಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ, ಇಮೇಲ್ ಬಂದ ಮೇಲೂ ಹೊಸ ಸಂಖ್ಯೆಯನ್ನು ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೀವೇ ತಿದ್ದಬೇಕಾಗುತ್ತದೆ. ಸೇವಾದಾರರು ತಮ್ಮಲ್ಲಿರುವ ವಿಳಾಸಗಳ ಗುಂಪಿನಿಂದ ಒಂದನ್ನು ನಿಮ್ಮ ರೂಟರಿಗೆ ತಾತ್ಕಾಲಿಕವಾಗಿ ಕೊಟ್ಟಿರುತ್ತಾರೆ. ಸಂಪರ್ಕ ಕಡಿದು ಮತ್ತೆ ಕೂಡಿದಾಗ ಅದೇ ಸಂಖ್ಯೆ ಸಿಗಬೇಕೆಂಬ ನಿಯಮವಿಲ್ಲ. ಆದ್ದರಿಂದ ಸಂಖ್ಯೆಯ ಬೆನ್ನು ಹತ್ತುವುದನ್ನು ಬಿಟ್ಟು, ಬದಲಾಗದ ಒಂದು ಹೆಸರನ್ನು ಪಡೆದು, ಆ ಹೆಸರು ಯಾವ ಸಂಖ್ಯೆಯನ್ನು ತೋರಿಸಬೇಕೆಂಬುದನ್ನು ಮನೆಯಲ್ಲಿರುವ ಉಪಕರಣವೇ ತಿದ್ದುವಂತೆ ಏರ್ಪಾಡು ಮಾಡುವುದು ಮೇಲು. ಇದನ್ನೇ ಡೈನಾಮಿಕ್ ಡಿಎನ್‌ಎಸ್ ಎನ್ನುತ್ತಾರೆ. ನೋ-ಐಪಿ, ಡಕ್‌ಡಿಎನ್‌ಎಸ್ ಮುಂತಾದ ಸೇವೆಗಳು ಇಂತಹ ಹೆಸರನ್ನು ಉಚಿತವಾಗಿಯೂ ಕೊಡುತ್ತವೆ. ಅನೇಕ ರೂಟರುಗಳ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆಂದೇ ಡಿಡಿಎನ್‌ಎಸ್ ಎಂಬ ವಿಭಾಗವಿರುತ್ತದೆ. ಇಲ್ಲದಿದ್ದರೆ ಸದಾ ಚಾಲನೆಯಲ್ಲಿರುವ ಕಂಪ್ಯೂಟರಿನಲ್ಲಿ ಡಿಡಿಕ್ಲೈಂಟ್‌ನಂತಹ ಸಣ್ಣ ತಂತ್ರಾಂಶವನ್ನು ಹಾಕಿಕೊಳ್ಳಬಹುದು.

ನಿಮ್ಮ ಸ್ಕ್ರಿಪ್ಟನ್ನೇ ಈ ಕೆಲಸಕ್ಕೆ ತಿರುಗಿಸುವುದಾದರೆ, ವಿಳಾಸ ಬದಲಾದಾಗ ಮಾತ್ರ ಸೇವೆಗೆ ತಿಳಿಸುವಂತೆ ಬರೆಯಿರಿ. ಕಾರಣವಿಲ್ಲದೆ ಪದೇ ಪದೇ ಸೂಚನೆ ಕಳುಹಿಸುವವರನ್ನು ಕೆಲವು ಸೇವೆಗಳು ತಡೆಹಿಡಿಯುತ್ತವೆ. ಹೆಸರಿನ ಟಿಟಿಎಲ್, ಅಂದರೆ ಹಳೆಯ ಉತ್ತರವನ್ನು ಇತರ ಸರ್ವರುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದೆಂಬ ಮಿತಿ, 60 ಸೆಕೆಂಡಿನಷ್ಟು ಕಡಿಮೆಯಿದ್ದರೆ ಒಳ್ಳೆಯದು. ಅದು 86,400 ಸೆಕೆಂಡು ಎಂದಿದ್ದರೆ ಮನೆಯ ಕಡೆ ಎಲ್ಲವೂ ಸರಿಯಿದ್ದೂ ನೀವು ಒಂದು ಇಡೀ ದಿನ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರಬಹುದು. ಪರೀಕ್ಷೆಯನ್ನು ಮನೆಯ ವೈಫೈನಿಂದ ಮಾಡದೆ ಮೊಬೈಲ್ ಡೇಟಾದಿಂದ ಮಾಡಿ, ಏಕೆಂದರೆ ಒಳಗಿನಿಂದಲೇ ಹೊರವಿಳಾಸವನ್ನು ಕೇಳಿದಾಗ ಕೆಲವು ರೂಟರುಗಳು ಉತ್ತರಿಸುವುದಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಸಂಗತಿಯೆಂದರೆ, ಕಡತ ಹಂಚಿಕೆಯ ಪೋರ್ಟನ್ನಾಗಲಿ ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನಾಗಲಿ ನೇರವಾಗಿ ತೆರೆದಿಡುವುದು ಒಳ್ಳೆಯದಲ್ಲ. ಪೋರ್ಟ್ ಸಂಖ್ಯೆಯನ್ನು ಬದಲಿಸಿದರೆ ಅಡಗಿಕೊಂಡಂತಾಯಿತೆಂದು ಹಲವರು ನಂಬಿದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹೊರತಂದ ಝಡ್‌ಮ್ಯಾಪ್ ಎಂಬ ತಂತ್ರಾಂಶ, ಗಿಗಾಬಿಟ್ ಸಂಪರ್ಕವಿರುವ ಒಂದೇ ಕಂಪ್ಯೂಟರಿನಿಂದ ಇಡೀ ಐಪಿವಿ4 (ಹಳೆಯ ಬಗೆಯ ಐಪಿ ವಿಳಾಸಗಳ) ಜಾಲದ ಒಂದು ಪೋರ್ಟನ್ನು 45 ನಿಮಿಷದೊಳಗೆ ಶೋಧಿಸಿ ತೋರಿಸಿದ ಮೇಲೆ ಆ ನಂಬಿಕೆಗೆ ಹೆಚ್ಚು ಆಧಾರ ಉಳಿದಿಲ್ಲ. ಬದಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯಲ್ಲಿ ನಡೆಯುವ ಖಾಸಗಿ ಸಂಪರ್ಕ) ಅನ್ನು ರೂಟರಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ನಡೆಸಿ, ಅದರ ಒಂದು ಯುಡಿಪಿ ಪೋರ್ಟನ್ನು, ಸಾಮಾನ್ಯವಾಗಿ 51820 ಅನ್ನು, ಮಾತ್ರ ತೆರೆಯಿರಿ. ಸರಿಯಾದ ಕೀಲಿಯಿಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಒಂದು ತೊಡಕಿದೆ: ಲಿನಕ್ಸ್‌ನಲ್ಲಿ ವೈರ್‌ಗಾರ್ಡ್, ಕೊಟ್ಟ ಹೆಸರಿನ ವಿಳಾಸವನ್ನು ಸಂಪರ್ಕ ಆರಂಭಿಸುವಾಗ ಒಮ್ಮೆ ಮಾತ್ರ ವಿಚಾರಿಸಿಕೊಳ್ಳುತ್ತದೆ. ನೀವು ಹೊರಗಿರುವಾಗಲೇ ಮನೆಯ ವಿಳಾಸ ಬದಲಾಗಿ ಸಂಪರ್ಕ ನಿಂತುಹೋದರೆ, ಅದನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ.

ಪ್ರಶ್ನೆ: ಡೈನಾಮಿಕ್ ಡಿಎನ್‌ಎಸ್ ಹೊಂದಿಸಿದ್ದೇನೆ, ಹೆಸರು ಸರಿಯಾದ ಸಂಖ್ಯೆಯನ್ನೇ ತೋರಿಸುತ್ತದೆ, ಪೋರ್ಟ್ ಫಾರ್ವರ್ಡಿಂಗ್ ಕೂಡ ಇದೆ. ಆದರೂ ಹೊರಗಿನಿಂದ ಒಮ್ಮೆಯೂ ಸಂಪರ್ಕ ಸಿಕ್ಕಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಬಹುಶಃ ನಿಮ್ಮ ಕಡೆ ತಪ್ಪಿಲ್ಲ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಂದು ತೋರುವ ಸಂಖ್ಯೆಯನ್ನೂ, ಹೊರ ವಿಳಾಸವನ್ನು ತೋರಿಸುವ ಜಾಲತಾಣದಲ್ಲಿ ಕಾಣುವ ಸಂಖ್ಯೆಯನ್ನೂ ಹೋಲಿಸಿ ನೋಡಿ. ಎರಡೂ ಬೇರೆಯಾಗಿದ್ದು, ಮೊದಲನೆಯದು 100.64ರಿಂದ 100.127ರ ಒಳಗೆ ಆರಂಭವಾಗುತ್ತಿದ್ದರೆ ನೀವು ಸಿಜಿನ್ಯಾಟ್, ಅಂದರೆ ಸೇವಾದಾರರು ಒಂದೇ ಹೊರವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಏರ್ಪಾಡಿನ, ಹಿಂದೆ ಇದ್ದೀರಿ. ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿಯಿತು. ಅನೇಕ ಗ್ರಾಹಕರಿಗೆ ಒಂದೇ ಹೊರವಿಳಾಸವನ್ನು ಹಂಚುವ ಸೇವಾದಾರರ ಬಳಕೆಗೆಂದೇ ಈ ಸರಣಿಯನ್ನು 2012ರಲ್ಲಿ ಮೀಸಲಿಡಲಾಯಿತು. ಆ ಹೊರವಿಳಾಸ ನಿಮ್ಮದಲ್ಲವಾದ್ದರಿಂದ ಅದನ್ನು ಎಷ್ಟು ನಿಖರವಾಗಿ ಹಿಂಬಾಲಿಸಿದರೂ ಪ್ರಯೋಜನವಿಲ್ಲ. ವ್ಯಾನ್ ಐಪಿ 192.168 ಎಂದು ಆರಂಭವಾದರೆ ಹೆಚ್ಚಾಗಿ ಮನೆಯಲ್ಲಿಯೇ ಒಂದರ ಹಿಂದೆ ಒಂದು ಎರಡು ರೂಟರುಗಳಿರುತ್ತವೆ; ಮೊದಲನೆಯದನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ತಾನು ವಿಳಾಸ ಹಂಚದೆ ಸಂಪರ್ಕವನ್ನು ಹಾಗೆಯೇ ದಾಟಿಸುವ ಸ್ಥಿತಿಗೆ, ಬದಲಿಸಿದರೆ ಸರಿಹೋಗುತ್ತದೆ.

ಸಿಜಿನ್ಯಾಟ್ ಆಗಿದ್ದರೆ ಮೊದಲು ಸೇವಾದಾರರಲ್ಲಿ ಪಬ್ಲಿಕ್ ಐಪಿ ಕೇಳಿ. ಅವರು ಕೊಡದಿದ್ದರೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ವ್ಯವಸ್ಥೆ ಇದೆಯೆ ನೋಡಿ. ಅದರಲ್ಲಿ ಪ್ರತಿ ಉಪಕರಣಕ್ಕೂ ತನ್ನದೇ ವಿಳಾಸವಿರುವುದರಿಂದ, ಹೆಸರನ್ನು ತಿದ್ದುವ ತಂತ್ರಾಂಶ ರೂಟರಿನಲ್ಲಲ್ಲ, ಆ ಕಂಪ್ಯೂಟರಿನಲ್ಲಿಯೇ ಇರಬೇಕು. ರೂಟರಿನ ಫೈರ್‌ವಾಲ್‌ನಲ್ಲಿ ಅದಕ್ಕೆ ಅನುಮತಿಯನ್ನೂ ಕೊಡಬೇಕು. ನೀವು ಹೊರಗೆ ಬಳಸುವ ಜಾಲದಲ್ಲಿಯೂ ಐಪಿವಿ6 ಇರಬೇಕೆಂಬುದೇ ಇದರ ಮಿತಿ. ಎರಡೂ ಆಗದಿದ್ದರೆ ಟೈಲ್‌ಸ್ಕೇಲ್‌ನಂತಹ ಸೇವೆಯನ್ನು ಬಳಸಬಹುದು. ಅಲ್ಲಿ ಎರಡೂ ತುದಿಯ ಉಪಕರಣಗಳು ಒಳಗಿನಿಂದ ಹೊರಕ್ಕೆ ತಾವಾಗಿಯೇ ಸಂಪರ್ಕ ಹೂಡುವುದರಿಂದ ಪೋರ್ಟ್ ತೆರೆಯುವ, ವಿಳಾಸ ಹುಡುಕುವ ಪ್ರಸಂಗವೇ ಬರುವುದಿಲ್ಲ.