ಅಮೆರಿಕದ ಮೆಟಲ್ ಡಿಟೆಕ್ಟರ್ ಹವ್ಯಾಸಿಗಳು ಯಾವ ಪಿಸ್ತೂಲು ಇಟ್ಟುಕೊಳ್ಳುತ್ತಾರೆ? ಅದು ಅಮೆರಿಕದಲ್ಲೇ ತಯಾರಾದದ್ದಾಗಿರಬೇಕು ಎಂದು ಏಕೆ ಬಯಸುತ್ತಾರೆ?

ಎಚ್‌-1ಬಿ ವೀಸಾದ ಮೇಲೆ ಫೀನಿಕ್ಸ್‌ನಲ್ಲಿ ಕೆಲಸ ಮಾಡುತ್ತಿರುವ ತಾವು, ವಾರಾಂತ್ಯಗಳಲ್ಲಿ ಡಿಟೆಕ್ಟರ್ ಹಿಡಿದು ಚಿನ್ನದ ಹರಳು ಹುಡುಕುವ ಸ್ಥಳೀಯರ ಜೊತೆ ಮರುಭೂಮಿಗೆ ಹೋಗಲಾರಂಭಿಸಿರುವುದಾಗಿಯೂ, ಅವರಲ್ಲಿ ಹೆಚ್ಚಿನವರ ಸೊಂಟದಲ್ಲಿ ಪಿಸ್ತೂಲು ಕಂಡು ಅಚ್ಚರಿಯಾದುದಾಗಿಯೂ ಬರೆದಿದ್ದೀರಿ. ಊಟದ ಬಿಡುವಿನಲ್ಲಿ ಪಿಸ್ತೂಲು ಕಂಪನಿಗಳಲ್ಲಿ ರೂಗರ್ ಮೇಲೋ, ಸ್ಮಿತ್ ಅಂಡ್ ವೆಸನ್ ಮೇಲೋ, ಆಸ್ಟ್ರಿಯಾ ಮೂಲದ ಗ್ಲಾಕ್ ಪರದೇಶದ್ದೋ ಎಂಬ ಚರ್ಚೆ ನಡೆಯುತ್ತದೆಂದೂ, ನೀವೂ ಒಂದನ್ನು ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ನಾನು ಈ ರಾಜ್ಯದಲ್ಲಿ ನೆಲೆಸಿ, ಪೌರತ್ವ ಪಡೆದು, ಇದೇ ಹವ್ಯಾಸದಲ್ಲಿ ಬಹಳ ಕಾಲದಿಂದ ತೊಡಗಿರುವವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಕಾನೂನಿನ ಮಾತು. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ, ಮತ್ತು ಎಚ್‌-1ಬಿ ಆ ಗುಂಪಿಗೇ ಸೇರುತ್ತದೆ. ಹೊಂದುವುದು ಎಂದರೆ ಕೊಳ್ಳುವುದು ಮಾತ್ರವಲ್ಲ. ಗೆಳೆಯನ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಡಬ್ಬಿಗೆ ಗುರಿಯಿಡುವುದೂ ಅದರ ವ್ಯಾಪ್ತಿಗೆ ಬರಬಹುದು. ನಿಮ್ಮ ಸ್ಥಿತಿ ತಿಳಿದೂ ನಿಮಗೆ ಅದನ್ನು ಕೊಟ್ಟವನು ಸಹ ತಪ್ಪಿತಸ್ಥನಾಗುತ್ತಾನೆ. ಸಿಂಧುವಾಗಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿಯೊಂದಿದೆ ನಿಜ, ಆದರೆ ವಕೀಲರೊಬ್ಬರ ಸಲಹೆ ಪಡೆಯದೆ ಅದನ್ನು ನಂಬಿ ಹೊರಡಬೇಡಿ. 2022ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದಕ್ಕೂ ಮುಂಚೆ ನಿಮ್ಮ ವೀಸಾ ಮತ್ತು ಗ್ರೀನ್ ಕಾರ್ಡ್ ಅರ್ಜಿ ಎರಡೂ ಅಪಾಯಕ್ಕೆ ಸಿಲುಕುತ್ತವೆ. ಅರಿಜೋನ ರಾಜ್ಯದಲ್ಲಿ 21 ವರ್ಷ ತುಂಬಿದವರು ಪರವಾನಗಿಯಿಲ್ಲದೆ ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಂಡು ಓಡಾಡಲು 2010ರಿಂದ ಅವಕಾಶವಿದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೋವಿ ಒಪ್ಪಿಸಿ ಬರುವ ಮಲೆನಾಡಿನ ಕಡೆಯ ನಮ್ಮಂಥವರಿಗೆ ಈ ಸಡಿಲಿಕೆ ಬೆರಗು ಹುಟ್ಟಿಸುತ್ತದೆ, ಆದರೆ ಅದು ಒಕ್ಕೂಟ ಕಾನೂನು ಯಾರನ್ನು ತಡೆದಿಲ್ಲವೋ ಅವರಿಗೆ ಮಾತ್ರ. ನಿಮ್ಮ ಗುಂಪಿನವರು ಪ್ರೀತಿಯಿಂದಲೇ ‘ಒಮ್ಮೆ ಹಿಡಿದು ನೋಡು’ ಎಂದಾರು. ವಿನಯದಿಂದ ಬೇಡವೆಂದು ಹೇಳಿ ಕಾರಣವನ್ನೂ ತಿಳಿಸಿ, ಅವರು ಅರ್ಥಮಾಡಿಕೊಳ್ಳುತ್ತಾರೆ.

ಇನ್ನು ಅವರು ಏಕೆ ಇಟ್ಟುಕೊಳ್ಳುತ್ತಾರೆ ಎಂಬುದು. ಎಲ್ಲ ಹವ್ಯಾಸಿಗಳೂ ಇಟ್ಟುಕೊಳ್ಳುವುದಿಲ್ಲ. ಊರಿನ ಉದ್ಯಾನಗಳಲ್ಲಿ ಹಳೆಯ ನಾಣ್ಯ ಹುಡುಕುವವರಲ್ಲಿ ಇದು ಅಪರೂಪ. ವರ್ಜೀನಿಯಾದ ಹೊಲಗಳಲ್ಲಿ ಅಂತರ್ಯುದ್ಧದ ಕಾಲದ ಗುಂಡುಗಳನ್ನೂ ಸೈನಿಕರ ಅಂಗಿಯ ಗುಂಡಿಗಳನ್ನೂ ಹುಡುಕುವವರು ಜಮೀನಿನ ಒಡೆಯನ ಬಾಗಿಲು ತಟ್ಟಿ ಅನುಮತಿ ಕೇಳಬೇಕಾದವರು. ಸೊಂಟದಲ್ಲಿ ಪಿಸ್ತೂಲು ತೂಗಿಸಿಕೊಂಡು ಹೋದವನಿಗೆ ಯಾರು ತಾನೆ ಹೊಲ ಬಿಟ್ಟುಕೊಟ್ಟಾರು? ಆದರೆ ಇಲ್ಲಿನ ಚಿನ್ನದ ನೆಲಗಳ ಪರಿಸ್ಥಿತಿ ಬೇರೆ. ರಿಚ್ ಹಿಲ್ ಸುತ್ತಮುತ್ತ, ಬ್ರ್ಯಾಡ್‌ಶಾ ಬೆಟ್ಟಗಳ ಕಣಿವೆಗಳಲ್ಲಿ, ಕ್ವಾರ್ಟ್ಸ್‌ಸೈಟ್‌ನ ಆಚೆಯ ಒಣಹಳ್ಳಗಳಲ್ಲಿ ಫೋನಿನ ಸಂಕೇತ ಸಿಗುವುದಿಲ್ಲ, ಪೊಲೀಸರು ಬರಲು ಗಂಟೆಗಳು ಬೇಕು. ಬಹಳಷ್ಟು ಜಾಗದ ಮೇಲೆ ಯಾರದೋ ಗಣಿ ಹಕ್ಕು ಇರುತ್ತದೆ, ಗಡಿಗಂಬ ಬಿದ್ದುಹೋದ ಕಡೆ ವಾಗ್ವಾದಗಳೂ ಆಗುತ್ತವೆ. ಇದೆಲ್ಲಕ್ಕಿಂತ ಮುಖ್ಯವಾದುದು ಈ ಕೆಲಸದ ಭಂಗಿ: ತಲೆ ತಗ್ಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮಂಡಿಯೂರಿ ಮಣ್ಣು ಕೆದಕುವವನಿಗೆ ಹಿಂದಿನಿಂದ ಮನುಷ್ಯ ಬಂದದ್ದೂ ತಿಳಿಯದು, ಬುಡುಬುಡಿಕೆ ಹಾವಿನ ಸದ್ದೂ ಕೇಳಿಸದು. ಆ ಅಭದ್ರತೆಯಿಂದಲೇ ಹೆಚ್ಚಿನವರು ಪಿಸ್ತೂಲಿಗೆ ಮೊರೆಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳುವುದು ಮತ್ತು ಜೊತೆಗೊಬ್ಬರನ್ನು ಕರೆದೊಯ್ಯುವುದು ಯಾವ ಆಯುಧಕ್ಕಿಂತಲೂ ಹೆಚ್ಚಿನ ರಕ್ಷಣೆ.

ಆಯ್ಕೆಯ ವಿಷಯಕ್ಕೆ ಬಂದರೆ, ಚಿನ್ನ ಹುಡುಕುವವರಲ್ಲಿ ರಿವಾಲ್ವರಿಗೆ ಇರುವ ಮನ್ನಣೆ ಪಟ್ಟಣದಲ್ಲಿ ಪಿಸ್ತೂಲು ಇಟ್ಟುಕೊಳ್ಳುವವರಲ್ಲಿ ಕಾಣುವುದಿಲ್ಲ. ಅದಕ್ಕೆ ತಕ್ಕ ಕಾರಣವಿದೆ. ಹಾವಿಗೆಂದು ಬಳಸುವ ತೋಟೆಯಲ್ಲಿ ಒಂಟಿ ಗುಂಡಿನ ಬದಲು ಸಾಸಿವೆಯಂಥ ಸಣ್ಣ ಚರೆಗಳಿರುತ್ತವೆ. ಅದರ ಹಿನ್ನೂಕು ಕಡಿಮೆಯಾದ್ದರಿಂದ ಅರೆ-ಸ್ವಯಂಚಾಲಿತ ಪಿಸ್ತೂಲುಗಳಲ್ಲಿ ಮುಂದಿನ ತೋಟೆ ಸರಿಯಾಗಿ ಏರದೆ ಸಿಕ್ಕಿಕೊಳ್ಳುವುದುಂಟು. ರಿವಾಲ್ವರಿನಲ್ಲಿ ಗುಂಡಿನ ಬಲವನ್ನು ಅವಲಂಬಿಸಿದ ಯಂತ್ರಾಂಗವೇ ಇಲ್ಲ, ಮಾದರಿಗೆ ತಕ್ಕಂತೆ ಟ್ರಿಗರನ್ನೋ ಹಿಂಬದಿಯ ಸುತ್ತಿಗೆಯನ್ನೋ ಕೈಯಿಂದ ಎಳೆದರೆ ಉರುಳೆ ತಿರುಗುತ್ತದೆ. ಮೊದಲ ಕೋಣೆಯಲ್ಲಿ ಚರೆ, ಉಳಿದವುಗಳಲ್ಲಿ ಸಾಮಾನ್ಯ ಗುಂಡು ಎಂಬ ಜೋಡಣೆ ನೀವು ನೋಡಿರಬಹುದು. ಅಗ್ಗದ್ದನ್ನು ಬಯಸುವವರು ಪಾಯಿಂಟ್ 22ರ (ಗುಂಡಿನ ವ್ಯಾಸ ಸುಮಾರು 0.22 ಇಂಚು) ಹೆರಿಟೇಜ್ ರಫ್ ರೈಡರ್ ಅಥವಾ 2019ರಲ್ಲಿ ಬಂದ ರೂಗರ್ ರ‍್ಯಾಂಗ್ಲರ್ ಕೊಳ್ಳುತ್ತಾರೆ. ಹಳಬರಲ್ಲಿ 1953ರಿಂದ ತಯಾರಾಗುತ್ತಿರುವ ರೂಗರ್ ಸಿಂಗಲ್ ಸಿಕ್ಸ್ ಇರುತ್ತದೆ. ಮನುಷ್ಯರ ಭಯವೂ ಇರುವವರು ಐದು ಗುಂಡಿನ ಪಾಯಿಂಟ್ 38ಕ್ಕೆ ಹೋಗುತ್ತಾರೆ. ಅಲ್ಯೂಮಿನಿಯಂ ಚೌಕಟ್ಟಿನ ಸ್ಮಿತ್ ಅಂಡ್ ವೆಸನ್ 642 ಮತ್ತು ರೂಗರ್ ಎಲ್‌ಸಿಆರ್ ಎರಡೂ 400 ಗ್ರಾಂ ಆಸುಪಾಸಿನವು, ದಿನವಿಡೀ ಇದ್ದರೂ ಭಾರವೆನಿಸುವುದಿಲ್ಲ. ಪಾಯಿಂಟ್ 45ರ ಕೋಲ್ಟ್ 1911 ಮಾದರಿಯ ಉಕ್ಕಿನ ಪಿಸ್ತೂಲು ಒಂದು ಕಿಲೋ ದಾಟುತ್ತದೆ; ಪಿಕಾಸಿ, ನೀರು, ಬ್ಯಾಟರಿಗಳ ಜೊತೆ ಅದನ್ನೂ ಹೊತ್ತು ಬೆಟ್ಟ ಹತ್ತುವವರ ಅಭಿಮಾನಕ್ಕೆ ನನ್ನ ಗೌರವವಿದೆ, ಆದರೆ ಶಿಫಾರಸು ಇಲ್ಲ. ಕಿರಿಯರಲ್ಲಿ 9 ಮಿಲಿಮೀಟರಿನ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲುಗಳೇ ಹೆಚ್ಚು, ಅವುಗಳಲ್ಲಿ ಗ್ಲಾಕ್ ಮುಂಚೂಣಿಯದು.

ಚರೆಯ ತೋಟೆ ಪರಿಣಾಮಕಾರಿಯಾಗುವುದು ಎರಡು ಮೂರು ಮೀಟರಿನೊಳಗೆ ಮಾತ್ರ. ಅಷ್ಟು ದೂರದಲ್ಲಿ ಕಂಡ ಹಾವಿನಿಂದ ಎರಡು ಹೆಜ್ಜೆ ಹಿಂದೆ ಸರಿದರೆ ಹಾವೂ ಉಳಿಯುತ್ತದೆ, ನೀವೂ ಉಳಿಯುತ್ತೀರಿ; ಬಂಡೆಗೆ ಬಡಿದು ವಾಪಸು ಚಿಮ್ಮುವ ಸೀಸದ ಅಪಾಯವೂ ಇರುವುದಿಲ್ಲ. ಕಂಡ ಹಾವಿಗಿಂತ ಕಾಣದ ಹಾವು ಅಪಾಯಕಾರಿ, ಅದಕ್ಕೆ ಪಿಸ್ತೂಲು ಉತ್ತರವಲ್ಲ. ಹಲ್ಲು ನಾಟದಂತೆ ಮೊಣಕಾಲವರೆಗೆ ಕಟ್ಟಿಕೊಳ್ಳುವ ಗೇಟರ್ ಉತ್ತರ.

ಬೇರೆ ಯಾವ ಹವ್ಯಾಸದವರಿಗೂ ಇಲ್ಲದ ತೊಡಕೊಂದು ನಮಗಿದೆ: ಪಿಸ್ತೂಲು ಕೂಡ ಲೋಹವೇ. ಕಾಯಿಲನ್ನು, ಅಂದರೆ ಡಿಟೆಕ್ಟರಿನ ತುದಿಯಲ್ಲಿ ಲೋಹವನ್ನು ಗುರುತಿಸುವ ತಟ್ಟೆಯನ್ನು, ನಿಂತು ಬೀಸುವಾಗ ಅದು ಸೊಂಟದಿಂದ ದೂರದಲ್ಲಿರುವುದರಿಂದ ತೊಂದರೆಯಾಗದು. ಸಂಕೇತ ಸಿಕ್ಕು, ಗುಂಡಿ ತೋಡಿ, ಡಿಟೆಕ್ಟರನ್ನು ನೆಲದ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಸ್ಕೂಪಿನಲ್ಲಿ ಮಣ್ಣನ್ನು ಅರ್ಧರ್ಧ ಮಾಡುತ್ತ ಕಾಯಿಲಿನ ಮೇಲೆ ಆಡಿಸಿ ‘ಇದರಲ್ಲಿದೆಯೇ, ಅದರಲ್ಲಿದೆಯೇ’ ಎಂದು ಪರೀಕ್ಷಿಸುವ ಹಂತದಲ್ಲಿ ನಾವು ಕಾಯಿಲಿನ ಮೇಲೆಯೇ ಬಾಗಿರುತ್ತೇವೆ. ಆಗ ಬಲಸೊಂಟದ ರಿವಾಲ್ವರ್ ಒಂದು ಗೇಣು ಹತ್ತಿರ ಬಂದರೂ ಸಾಕು, ಅಕ್ಕಿಕಾಳಿನಷ್ಟು ಚಿನ್ನದ ಕ್ಷೀಣ ಸದ್ದು ಉಕ್ಕಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಖನಿಜಾಂಶ ಹೆಚ್ಚಿರುವ ನೆಲಕ್ಕೆಂದು ಬಳಸುವ ಪಲ್ಸ್ ಇಂಡಕ್ಷನ್ ಯಂತ್ರಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅದಕ್ಕಾಗಿ ಅನುಭವಿಗಳು ಕಾಯಿಲ್ ಹಿಡಿಯುವ ಕೈಯ ವಿರುದ್ಧ ಪಕ್ಕದಲ್ಲಿ ಬೆನ್ನಿಗೆ ಸರಿದಂತೆ ಅಥವಾ ಎದೆಯ ಮೇಲೆ ಎತ್ತರಕ್ಕೆ ಹೋಲ್ಸ್ಟರ್ (ಪಿಸ್ತೂಲಿನ ಒರೆ) ಕಟ್ಟುತ್ತಾರೆ. ಹೊಟ್ಟೆಯ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಪಟ್ಟಣದ ರೂಢಿ ಮಂಡಿಯೂರುವವರಿಗೆ ಒಗ್ಗದು. ಹಿಡಿಕೆ ಪಕ್ಕೆಗೆ ಚುಚ್ಚುತ್ತದೆ, ಬಾಗಿದಾಗ ನಳಿಗೆ ತೊಡೆಯತ್ತ ತಿರುಗುತ್ತದೆ. ಮಣ್ಣು ನುಗ್ಗದಂತೆ ಮುಚ್ಚಳವಿರುವ, ಬಿಗಿಯಾಗಿ ಕಚ್ಚಿಕೊಳ್ಳುವ ಹೋಲ್ಸ್ಟರೇ ಬೇಕು. ಬೆವರು ಮತ್ತು ಧೂಳಿಗೆ ತಡೆಯುವ ಸ್ಟೇನ್‌ಲೆಸ್ ಉಕ್ಕನ್ನು ಹೆಚ್ಚಿನವರು ಮೆಚ್ಚುವುದೂ ಇದೇ ಕಾರಣಕ್ಕೆ.

ಸ್ವದೇಶಿ ತಯಾರಿಕೆಯ ಪ್ರಶ್ನೆ ನನಗೆ ಹೆಚ್ಚು ಆಸಕ್ತಿಕರವಾದುದು. ನೀವಿರುವಲ್ಲಿಂದ ಉತ್ತರಕ್ಕೆ ಪ್ರೆಸ್ಕಾಟ್ ಎಂಬ ಊರಿದೆ. 1949ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಆರಂಭವಾದ ರೂಗರ್ ಕಂಪನಿಯ ಪಿಸ್ತೂಲು ಕಾರ್ಖಾನೆ ಅಲ್ಲಿದೆ. ಅದರ ರಿವಾಲ್ವರುಗಳು ನ್ಯೂ ಹ್ಯಾಂಪ್‌ಶೈರಿನ ನ್ಯೂಪೋರ್ಟಿನಲ್ಲಿ ತಯಾರಾಗುತ್ತವೆ. ನಮ್ಮ ಹವ್ಯಾಸಿಗಳು ಪ್ರೀತಿಸುತ್ತಿದ್ದ ಟೆಸೊರೊ ಡಿಟೆಕ್ಟರುಗಳೂ ಪ್ರೆಸ್ಕಾಟ್‌ನಲ್ಲೇ ತಯಾರಾಗುತ್ತಿದ್ದವು, 2018ರಲ್ಲಿ ಆ ಕಂಪನಿ ಮುಚ್ಚಿತು. ಆರೆಗನ್ ರಾಜ್ಯದ ಸ್ವೀಟ್ ಹೋಮ್ ಎಂಬ ಪುಟ್ಟ ಊರಿನ ವೈಟ್ಸ್ ಕಂಪನಿ 2020ರಲ್ಲಿ ಬಾಗಿಲು ಹಾಕಿತು. ಟೆಕ್ಸಸ್‌ನಲ್ಲಿ ಗ್ಯಾರೆಟ್ ಮತ್ತು ಫಿಶರ್ ಉಳಿದಿವೆ. ಆದರೂ ಗಂಭೀರವಾಗಿ ಚಿನ್ನ ಹುಡುಕುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಆಸ್ಟ್ರೇಲಿಯಾದ ಮೈನ್‌ಲ್ಯಾಬ್, ಅದೂ ಮಲೇಷ್ಯಾದಲ್ಲಿ ಜೋಡಣೆಯಾದದ್ದು. ಫ್ರಾನ್ಸಿನ ಎಕ್ಸ್‌ಪಿ, ಟರ್ಕಿಯ ನೋಕ್ತ ಕೂಡ ಜನಪ್ರಿಯವಾಗಿವೆ. ತಮ್ಮ ಹವ್ಯಾಸದ ಮುಖ್ಯ ಉಪಕರಣದ ತಯಾರಿಕೆ ಕಣ್ಣೆದುರೇ ಹೊರದೇಶಕ್ಕೆ ಹೋದದ್ದನ್ನು ಕಂಡವರು, ಕನಿಷ್ಠ ಸೊಂಟದ್ದಾದರೂ ನಮ್ಮದಿರಲಿ ಎನ್ನುತ್ತಾರೆ. ಈ ಭಾವನೆಯನ್ನು ನಾನು ಹಗುರವಾಗಿ ಕಾಣಲಾರೆ. ಆ ಕಾರ್ಖಾನೆಗಳಲ್ಲಿ ದುಡಿದವರು ಇವರ ನೆಂಟರು, ನೆರೆಹೊರೆಯವರು. ಕೆಟ್ಟದ್ದನ್ನು ದುರಸ್ತಿಗೆ ದೇಶದೊಳಗೇ ಕಳುಹಿಸಬಹುದೆಂಬ ಅನುಕೂಲವೂ ಉಂಟು.

ಆದರೆ ಬ್ರ್ಯಾಂಡಿನ ಹೆಸರು ನೋಡಿ ತೀರ್ಮಾನಿಸುವುದು ತಪ್ಪು. ಪಿಸ್ತೂಲಿನ ಮೈಮೇಲೆ ತಯಾರಕರ ಹೆಸರು ಮತ್ತು ಊರನ್ನು, ಆಮದಾದದ್ದಾದರೆ ಆಮದುದಾರನ ಹೆಸರು ಮತ್ತು ಮೂಲ ದೇಶವನ್ನು ಕೊರೆದಿರಬೇಕೆಂದು ಕಾನೂನಿದೆ. ಅಂಗಡಿಯಲ್ಲಿ ಆ ಸಣ್ಣ ಅಕ್ಷರಗಳನ್ನು ಓದಬೇಕು. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಎಂಬ ಹೆಸರು ಕೇಳಿ, 1968ರಲ್ಲಿ ಮುಚ್ಚಿದ ಮ್ಯಾಸಚೂಸೆಟ್ಸ್‌ನ ಸರ್ಕಾರಿ ಶಸ್ತ್ರಾಗಾರವೇ ಇದೆಂದು ಹಲವರು ಭಾವಿಸುತ್ತಾರೆ. ಈಗಿನದು ಆ ಹೆಸರನ್ನು ತೆಗೆದುಕೊಂಡ ಇಲಿನಾಯ್‌ನ ಖಾಸಗಿ ಕಂಪನಿ, ಅದರ ಎಕ್ಸ್‌ಡಿ ಸರಣಿಯ ಪಿಸ್ತೂಲಿನ ಮೇಲೆ ಮೂಲ ದೇಶವಾಗಿ ಕ್ರೊಯೇಷಿಯಾದ ಹೆಸರಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪರದೇಶದ್ದೆಂದು ಮೂದಲಿಸಲ್ಪಡುವ ಗ್ಲಾಕ್ ಕಂಪನಿಯ 42ನೇ ಮಾದರಿ ಜಾರ್ಜಿಯಾದ ಸ್ಮಿರ್ನಾದಲ್ಲಿ ತಯಾರಾಗುತ್ತದೆ. 1968ರ ಬಂದೂಕು ನಿಯಂತ್ರಣ ಕಾಯ್ದೆಯ ನಂತರ ಆಮದಾಗುವ ಪಿಸ್ತೂಲಿಗೆ ಗಾತ್ರ, ತೂಕ, ಗುಂಡಿನ ಅಳತೆಗಳ ಆಧಾರದ ಮೇಲೆ ಅಂಕ ನೀಡುವ ಪದ್ಧತಿ ಬಂದಿತು; ಚಿಕ್ಕವು ಅದರಲ್ಲಿ ತೇರ್ಗಡೆಯಾಗುವುದಿಲ್ಲ. ಗ್ಲಾಕ್‌ನ ಪಾಯಿಂಟ್ 380ರ ಹಳೆಯ ಮಾದರಿಗಳು ಇಲ್ಲಿನ ಸಾಮಾನ್ಯ ಗ್ರಾಹಕರಿಗೆ ಸಿಗದಿದ್ದುದು ಆ ಕಾರಣಕ್ಕೇ, 2014ರಲ್ಲಿ ಬಂದ 42ನ್ನು ಇಲ್ಲೇ ತಯಾರಿಸಿದ್ದೂ ಆ ಕಾರಣಕ್ಕೇ. ದೇಶದೊಳಗೆ ತಯಾರಾದದ್ದಕ್ಕೆ ಆ ಅಂಕಗಳ ಪರೀಕ್ಷೆ ಇಲ್ಲ. ಜೇಬಿಗೆ ಹಿಡಿಸುವ ಪಿಸ್ತೂಲುಗಳಲ್ಲಿ ಅಮೆರಿಕದಲ್ಲೇ ತಯಾರಾದವು ಇಷ್ಟೊಂದಿರಲು ಅಭಿಮಾನದಷ್ಟೇ ಈ ಕಾಯ್ದೆಯೂ ಕಾರಣ.

ಮಾಲೀಕತ್ವವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಮತ್ತಷ್ಟು ತೊಡಕಾಗುತ್ತದೆ. ಸ್ಮಿತ್ ಅಂಡ್ ವೆಸನ್ 1987ರಿಂದ 2001ರವರೆಗೆ ಬ್ರಿಟನ್ನಿನ ಟಾಮ್‌ಕಿನ್ಸ್ ಕಂಪನಿಯ ಒಡೆತನದಲ್ಲಿತ್ತು. 2000ದಲ್ಲಿ ಕ್ಲಿಂಟನ್ ಸರ್ಕಾರದೊಂದಿಗೆ ಬಂದೂಕು ಸುರಕ್ಷತೆಯ ಕುರಿತು ಅದು ಮಾಡಿಕೊಂಡ ಒಪ್ಪಂದದಿಂದ ಸಿಟ್ಟಾದ ಗ್ರಾಹಕರು ಬಹಿಷ್ಕಾರ ಹಾಕಿದರು, ಮಾರಾಟ ನೆಲಕಚ್ಚಿತು. ಕೊನೆಗೆ ಅದನ್ನು ಕೊಂಡುಕೊಂಡದ್ದು ನಿಮ್ಮ ಪಕ್ಕದ ಸ್ಕಾಟ್ಸ್‌ಡೇಲ್‌ನ ಸಣ್ಣ ಕಂಪನಿ. ಆ ಬಹಿಷ್ಕಾರವನ್ನು ನೆನಪಿಟ್ಟು ಇಂದಿಗೂ ಆ ಹೆಸರಿನ ಹಳೆಯ ರಿವಾಲ್ವರ್ ಮಾತ್ರ ಕೊಳ್ಳುವವರು ನನ್ನ ಪರಿಚಯದಲ್ಲಿದ್ದಾರೆ. ಕೋಲ್ಟ್ 2021ರಿಂದ ಜೆಕ್ ಗುಂಪಿನದಾಗಿದೆ. ಅಗ್ಗದ ಹೆರಿಟೇಜ್ ಜಾರ್ಜಿಯಾದಲ್ಲಿ ತಯಾರಾದರೂ ಬ್ರೆಜಿಲ್ ಮೂಲದ ಟಾರಸ್‌ಗೆ ಸೇರಿದ್ದು. ಹಾವಿನ ತೋಟೆಗೆ ಹೆಸರಾದ ಐಡಹೊ ರಾಜ್ಯದ ಸಿಸಿಐ ಕೂಡ 2024ರಲ್ಲಿ ಇನ್ನೊಂದು ಜೆಕ್ ಗುಂಪಿನ ಕೈಸೇರಿತು. ಕೆಲಸ ಇಲ್ಲೇ ನಡೆಯುತ್ತಿದೆಯೇ ಎಂಬುದನ್ನು ನಾನು ಮುಖ್ಯವೆಂದು ತಿಳಿಯುತ್ತೇನೆ, ಲಾಭ ಎಲ್ಲಿಗೆ ಹೋಗುತ್ತದೆಂಬುದನ್ನಲ್ಲ. ನಿಮ್ಮ ಗುಂಪಿನಲ್ಲಿ ಇದಕ್ಕೆ ಒಪ್ಪದವರೂ ಇದ್ದಾರು.

ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲೆ ನಿಯಮ ಬದಲಾಗುತ್ತದೆಂಬುದನ್ನೂ ತಿಳಿದಿರಿ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿಗೆ ಅನುಗುಣವಾಗಿ ಪಿಸ್ತೂಲು ಇಟ್ಟುಕೊಳ್ಳಬಹುದು, ಆದರೆ ಡಿಟೆಕ್ಟರ್ ಬಳಸುವುದು ಅಪರಾಧ. ಬಿಚ್ಚಿ ಕಟ್ಟಿಡದೆ ಬಳಸುವ ಸ್ಥಿತಿಯಲ್ಲಿ ಜೊತೆಗಿಟ್ಟುಕೊಳ್ಳುವುದಕ್ಕೂ ಅವಕಾಶವಿಲ್ಲ. ಸೇನೆಯ ಎಂಜಿನಿಯರಿಂಗ್ ದಳದ ಜಲಾಶಯಗಳ ದಡದಲ್ಲಿ ಪದ್ಧತಿ ಇದಕ್ಕೆ ಉಲ್ಟಾ: ಗೊತ್ತುಪಡಿಸಿದ ಮರಳುದಂಡೆಗಳಲ್ಲಿ ಡಿಟೆಕ್ಟರ್ ಬೀಸಲು ಬಿಡುತ್ತಾರೆ, ಬಂದೂಕಿಗೆ ಬಹುಕಾಲದಿಂದ ನಿರ್ಬಂಧವಿದೆ. ಒಕ್ಕೂಟದ ಯಾವುದೇ ನೆಲದಲ್ಲಿ ನೂರು ವರ್ಷ ಮೀರಿದ ಪುರಾತತ್ತ್ವ ವಸ್ತುಗಳನ್ನು ಎತ್ತುವುದು 1979ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ. ಹೊರಡುವ ಮುನ್ನ ಆ ಜಾಗ ಯಾರ ಆಡಳಿತದಲ್ಲಿದೆ, ಅದರ ಮೇಲೆ ಗಣಿ ಹಕ್ಕು ಇದೆಯೇ ಎಂದು ವಿಚಾರಿಸಿಕೊಳ್ಳಿ.

ಸದ್ಯಕ್ಕೆ ಪಿಸ್ತೂಲಿಗೆಂದು ತೆಗೆದಿಟ್ಟ ಹಣವನ್ನು ಒಳ್ಳೆಯ ಗೇಟರ್ ಮತ್ತು ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನಕ್ಕೆ ಬಳಸಿ. ಗ್ರೀನ್ ಕಾರ್ಡ್ ಬಂದು ಕಾನೂನಿನ ತಡೆ ಸರಿದ ಮೇಲೂ ಬೇಕೆನಿಸಿದರೆ, ಮೊದಲು ತರಬೇತಿ ಪಡೆದು, ಪಿಸ್ತೂಲುಗಳನ್ನು ಬಾಡಿಗೆಗೆ ಕೊಡುವ ಗುರಿ ಅಭ್ಯಾಸದ ರೇಂಜಿನಲ್ಲಿ ಬೇರೆ ಬೇರೆ ಮಾದರಿಗಳನ್ನು ಹಾರಿಸಿ ನೋಡಿ. ನಾನು ಇಟ್ಟುಕೊಂಡಿರುವುದು ಸ್ಟೇನ್‌ಲೆಸ್ ಉಕ್ಕಿನ ಐದು ಗುಂಡಿನ ರೂಗರ್ ಎಸ್‌ಪಿ 101. ಮುಕ್ಕಾಲು ಕಿಲೋ ತೂಗುವುದರಿಂದ ಹಗುರವೆನ್ನಲಾಗದು, ಆದರೆ ಆ ತೂಕವೇ ಹಿನ್ನೂಕನ್ನು ತಗ್ಗಿಸುತ್ತದೆ, ಪಾಯಿಂಟ್ 357 ಮತ್ತು 38 ಎರಡರ ತೋಟೆಗಳೂ ಅದಕ್ಕೆ ಒಗ್ಗುತ್ತವೆ. ಮಂಡಿಯೂರುವವರಿಗೆ ಎದೆಯ ಹೋಲ್ಸ್ಟರಿನಲ್ಲಿ ಅದಕ್ಕಿಂತ ಹೊಂದುವುದನ್ನು ನಾನು ಕಂಡಿಲ್ಲ.