ಅಣ್ಣನಿಗೆ ಫೋನ್ ಮಾಡಬೇಕಾದವರು ಯಾರು?

(ಹೆಸರು, ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ನಾನು ಸಮಾಜಕಾರ್ಯಕರ್ತೆ. ನನ್ನ ಹತ್ತಿರ ಲತಾ ಬಂದು ಕೂತವರೇ ಕೇಳಿದ್ದು ಒಂದೇ ಮಾತು. "ನಮ್ಮಣ್ಣನಿಗೆ ನೀವೇ ಫೋನ್ ಮಾಡಿ ಹೇಳಿ ಮೇಡಂ. ನನ್ನ ಮಾತು ಅವನು ಕೇಳಲ್ಲ."

ಅಮ್ಮನಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುತ್ತಾರೆ. ನೋಡಿಕೊಳ್ಳುವವರು ಲತಾ ಒಬ್ಬರೇ. ಕೆಲಸ ಬಿಟ್ಟಿದ್ದಾರೆ, ನಿದ್ದೆ ಇಲ್ಲ. ಅಣ್ಣ, ಅಕ್ಕ ಹತ್ತಿರದಲ್ಲೇ ಇದ್ದಾರೆ. ಬರುತ್ತಾರೆ, ಅರ್ಧ ಗಂಟೆ ಕೂರುತ್ತಾರೆ, "ಅಮ್ಮ ಸೊರಗಿದ್ದಾಳಲ್ಲ" ಅಂತ ಹೇಳಿ ಹೋಗುತ್ತಾರೆ.

ಫೋನ್ ಮಾಡುವುದೇನೋ ಸುಲಭ. ನಾನು ಮಾಡಿದ್ದರೆ ಅಣ್ಣ ನನಗೆ "ಆಯ್ತು ಮೇಡಂ" ಅನ್ನುತ್ತಿದ್ದರು. ಆಮೇಲೆ "ಹೊರಗಿನವರ ಹತ್ತಿರ ಮನೆ ಮಾನ ತೆಗೆದೆಯಾ" ಎಂದು ತಂಗಿಯ ಮೇಲೆ ಹರಿಹಾಯುತ್ತಿದ್ದರು. ಹಾಗಂತ "ನೀವೇ ಮಾಡ್ಕೊಳ್ಳಿ" ಎಂದು ಕಳಿಸಿಬಿಟ್ಟರೆ ಅವರು ಇಲ್ಲಿಗೆ ಬಂದು ಏನು ಬಂತು?

ಫೋನ್ ವಿಷಯ ಆಮೇಲೆ ನೋಡೋಣ ಅಂದೆ. ಮೊದಲು ನಮ್ಮಿಬ್ಬರ ಮಾತಿನ ಕಟ್ಟುಪಾಡು ಹೇಳಿದೆ. ನೀವು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ನಿಮ್ಮ ಅಥವಾ ಅಮ್ಮನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಇದನ್ನು ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದರೆ ಎದುರಿಗಿರುವವರಿಗೆ ಮೋಸ ಹೋದ ಹಾಗಾಗುತ್ತದೆ, ಅಲ್ವಾ?

ಲತಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದೊಂದ್ ಸಲ ಅಮ್ಮನ ಕೈ ಹಿಡಿದು ಜೋರಾಗಿ ಎಳೆದುಬಿಡ್ತೀನಿ" ಎಂದರು.

ಇಂಥ ಮಾತಿಗೆ "ಪರವಾಗಿಲ್ಲ ಬಿಡಿ" ಅನ್ನಬಾರದು. ಬೈಯಲೂಬಾರದು. ಯಾವಾಗ ಹೀಗಾಗುತ್ತೆ, ಗಾಯ ಆಗಿದೆಯಾ, ನಿಮಗೇ ಏನಾದರೂ ಮಾಡ್ಕೊಂಡುಬಿಡಬೇಕು ಅನ್ನಿಸಿದೆಯಾ ಎಂದು ನೇರವಾಗಿ ಕೇಳಿದೆ. ಗಾಯ ಆಗಿರಲಿಲ್ಲ, ಸಾಯುವ ಯೋಚನೆಯೂ ಬಂದಿರಲಿಲ್ಲ. ಎಳೆದಿದ್ದೆಲ್ಲ ನಡುರಾತ್ರಿ, ನಿದ್ದೆಗೆಟ್ಟಾಗ. ಅಂದಿನ ಸಲಹೆ ಇಷ್ಟೇ: ಬಾಗಿಲಿಗೆ ಗಂಟೆ ಕಟ್ಟಿ. ಸಿಟ್ಟು ಏರುತ್ತಿದೆ ಅನ್ನಿಸಿದ ಕೂಡಲೇ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ. ಅಮ್ಮ ರಾತ್ರಿ ಏಳುವುದನ್ನು ಡಾಕ್ಟರಿಗೆ ಹೇಳಿ, ಏಕೆಂದರೆ ನೋವು, ಮೂತ್ರದ ಸೋಂಕು, ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು.

ಮುಂದಿನ ಭೇಟಿಯಲ್ಲಿ ಒಂದು ಹಾಳೆ ಕೊಟ್ಟೆ. ಸಮಾಜಕಾರ್ಯದ ಪ್ರಾಧ್ಯಾಪಕಿ ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಇಕೋಮ್ಯಾಪ್ ಎಂಬ ನಕ್ಷೆ ಇದೆ. ನಡುವೆ ಮನೆಯವರ ವೃತ್ತ, ಸುತ್ತ ಬಂಧುಗಳು, ಆಸ್ಪತ್ರೆ, ಗೆಳೆಯರು. ಗಟ್ಟಿ ನಂಟಿಗೆ ದಪ್ಪ ಗೆರೆ, ಜಗಳಕ್ಕೆ ಅಡ್ಡಗೀಟು ಹಾಕಿದ ಗೆರೆ, ಯಾರಿಂದ ಯಾರಿಗೆ ಸಹಾಯ ಎಂದು ತೋರಿಸಲು ಬಾಣ. ಪೆನ್ನು ಅವರ ಕೈಯಲ್ಲೇ ಇರಬೇಕು. ನಾವು ಬರೆದರೆ ಅದು ನಮ್ಮ ಫೈಲಿನ ಕಾಗದವಾಗುತ್ತದೆ, ಅಷ್ಟೇ. ಲತಾ ಹಾಕಿದ ಬಾಣಗಳೆಲ್ಲ ಹೊರಗೇ ಹೋಗುತ್ತಿದ್ದವು. ಒಳಗೆ ಬರುವುದು ಒಂದೂ ಇಲ್ಲ. "ಅಮ್ಮ ಹೊರಗೆ ಹೋದಾಗ ಕರ್ಕೊಂಡು ಬರೋರು ಯಾರು?" ಎಂದೆ. "ಅಯ್ಯೋ, ಪಕ್ಕದ ಮನೆಯವರು!" ಎಂದು ಇನ್ನೊಂದು ವೃತ್ತ ಹಾಕಿದರು.

ಆಮೇಲೆ ಅಣ್ಣನ ವಿಷಯಕ್ಕೆ ಬಂದೆವು. ದೊಡ್ಡ ಸಮಸ್ಯೆಯನ್ನು ಒಡೆದು, ಕೈಗೆಟುಕುವ ಒಂದು ಕೆಲಸ ಹಿಡಿಯುವುದು ಸಮಾಜಕಾರ್ಯದಲ್ಲಿ ವಿಲಿಯಂ ರೀಡ್ ಮತ್ತು ಲಾರಾ ಎಪ್‌ಸ್ಟೀನ್ 1972ರಲ್ಲಿ ಮುಂದಿಟ್ಟ ದಾರಿ. ಅಭ್ಯಾಸಕ್ಕೆಂದು ನಾನು ಅಣ್ಣನಾದೆ, ಲತಾ ಮಾತಾಡಿದರು. ಮೊದಲ ಮಾತೇ "ಅಮ್ಮ ನನಗೊಬ್ಬಳಿಗೇನಾ?" ಅಣ್ಣನ ಜಾಗದಲ್ಲಿ ಕೂತ ನನಗೂ ರೇಗಿತು! ಬದಲಿಸುತ್ತಾ ಹೋದೆವು. ಕೊನೆಗೆ ನಿಂತಿದ್ದು: "ಅಣ್ಣಾ, ಈ ಶನಿವಾರ ರಾತ್ರಿ ಅಮ್ಮನ ಹತ್ತಿರ ಮಲಗ್ತೀಯಾ? ನಾನು ಒಂದು ರಾತ್ರಿ ನಿದ್ದೆ ಮಾಡ್ಬೇಕು." ದಿನ ಗೊತ್ತು, ಕೆಲಸ ಗೊತ್ತು. "ನೋಡೋಣ" ಎಂದು ಜಾರಿಕೊಳ್ಳುವುದು ಕಷ್ಟ.

ಫೋನ್ ಮಾಡಿದ್ದು ಲತಾ ಅವರೇ. ಅಣ್ಣ ಗೊಣಗಿಕೊಂಡೇ ಬಂದರು. ಬೆಳಿಗ್ಗೆ ಹೋಗುವಾಗ "ದಿನಾ ಹೀಗೇನಾ?" ಎಂದು ಕೇಳಿದರಂತೆ. ಈಗ ವಾರ ಬಿಟ್ಟು ವಾರ ಬರುತ್ತಾರೆ.

ಅಕ್ಕ ಬರಲಿಲ್ಲ, ದುಡ್ಡು ಕೊಡುತ್ತೇನೆ ಎಂದರು. ಲತಾಗೆ ಕೆಂಡದಂಥ ಸಿಟ್ಟು. ತಗೊಂಡು ರಾತ್ರಿಗೊಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಲಿ ಅನ್ನುವುದು ನನ್ನ ಮನಸ್ಸು. ಆದರೆ ತೀರ್ಮಾನ ನಮ್ಮ ಹತ್ತಿರ ಬಂದವರದ್ದೇ. ಸಮಾಜಕಾರ್ಯಕ್ಕೆ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಹೇಳಿದ ಏಳು ತತ್ವಗಳಲ್ಲಿ ಇದೂ ಒಂದು, ಮತ್ತು ಪಾಲಿಸಲು ನನಗೆ ಜಾಸ್ತಿ ಕಷ್ಟವಾಗುವುದೂ ಇದೇ. ಅವರಾಗಿ ಕೇಳಿದಾಗ ನನಗನಿಸಿದ್ದು ಹೇಳಿದೆ. ಇನ್ನೂ ಒಪ್ಪಿಲ್ಲ.

ಭೇಟಿಗಳನ್ನು ಮೆಲ್ಲಗೆ ದೂರ ಮಾಡಿ ಫೈಲ್ ಮುಚ್ಚಿದೆವು. ನಿದ್ದೆ ಮತ್ತೆ ಕೆಟ್ಟರೆ, ಕೈ ಎಳೆಯುವುದು ಶುರುವಾದರೆ, ಅಣ್ಣ ಬರುವುದು ನಿಂತರೆ ಕಾಯದೆ ವಾಪಸ್ ಬರಬೇಕು ಎಂದು ಅವರೇ ಬರೆದುಕೊಂಡು ಹೋಗಿದ್ದಾರೆ.